ಒಂದು ಚುಕ್ಕೆ ಮರೆತರೆ

ಈ ದೃಶ್ಯ ನಿಮ್ಮಲ್ಲಿ ಅರ್ಧ ಜನಕ್ಕಾದರೂ ನೆನಪಿರುತ್ತೆ. ನಾಲ್ಕನೇ ಕ್ಲಾಸೋ ಐದನೇ ಕ್ಲಾಸೋ. ಕಂಪ್ಯೂಟರ್ ಲ್ಯಾಬ್ ಹೊರಗೆ ಶೂ ಬಿಚ್ಚಿ ಸಾಲಾಗಿ ಜೋಡಿಸಿ ಒಳಗೆ ಹೋಗಬೇಕು. ಇಡೀ ಸ್ಕೂಲಿನಲ್ಲಿ ಏಸಿ ಇರೋ ಒಂದೇ ಕೋಣೆ. ಒಂದು ಕಂಪ್ಯೂಟರಿಗೆ ಇಬ್ಬರು ಅಥವಾ ಮೂವರು. ಮಿಸ್ ಬೋರ್ಡ್ ಮೇಲೆ ಬರೀತಾರೆ: ರಿಪೀಟ್ 4, ಎಫ್‌ಡಿ 100, ಆರ್‌ಟಿ 90. ನಾವು ಅದನ್ನೇ ಟೈಪ್ ಮಾಡಿದರೆ ಪರದೆ ಮೇಲಿನ ಪುಟ್ಟ ತ್ರಿಕೋನ ಓಡಾಡಿ ಒಂದು ಚೌಕ ಬರೆಯುತ್ತೆ. ಆ ತ್ರಿಕೋನಕ್ಕೆ ಆಮೆ ಅಂತ ಯಾಕೆ ಹೆಸರಿಟ್ಟಿದ್ದಾರೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಚೌಕ ಬಂತಾ? ಬಂತು. ರೆಕಾರ್ಡ್ ಬುಕ್ಕಿಗೆ ಇಳಿಸಿಕೊಳ್ಳಿ. ಮುಂದಿನ ಬ್ಯಾಚ್ ಬರಲಿ.

ಹೋದ ಬೇಸಿಗೆ ರಜೆಯಲ್ಲಿ ಅದೇ ಆಮೆ ದಾಸರಹಳ್ಳಿಯ ನಮ್ಮ ಮನೆಗೆ ಬಂತು. ಈ ಸಲ ಅದಕ್ಕೆ ಎರಡು ಚಕ್ರ ಇತ್ತು.

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಅವನಿಗೆ ನಾನೇ ಎಸ್‌ಪಿ ರೋಡಿನಿಂದ ರೋಬೋ ಸಾಮಾನು ತಂದುಕೊಟ್ಟೆ. ಪಾರದರ್ಶಕ ಪ್ಲಾಸ್ಟಿಕ್ ಹಲಗೆ, ಹಳದಿ ಬಣ್ಣದ ಎರಡು ಬಿಓ ಮೋಟರ್, ಮುಂದುಗಡೆ ಒಂದು ಕ್ಯಾಸ್ಟರ್ ಚಕ್ರ, ಆರ್ಡುಯಿನೋ ಬೋರ್ಡು, ಮೋಟರ್ ಡ್ರೈವರ್, ಒಂದು ಕಟ್ಟು ಜಂಪರ್ ವೈರ್. ಎರಡು ದಿನ ಕೂತು ಜೋಡಿಸಿದ. ಮೂರನೇ ದಿನ ಅದಕ್ಕೆ ಚೌಕ ಬಿಡಿಸೋಕೆ ಪ್ರೋಗ್ರಾಂ ಬರೆದ. ಮುಂದೆ ಹೋಗು, ಬಲಕ್ಕೆ ತಿರುಗು, ನಾಲ್ಕು ಸಲ. ನನ್ನ ನಾಲ್ಕನೇ ಕ್ಲಾಸಿನ ಅದೇ ಪ್ರೋಗ್ರಾಂ.

ಆದರೆ ಚೌಕ ಆಗಲಿಲ್ಲ. ರೋಬೋ ನೆಟ್ಟಗೆ ಹೋಗುವ ಬದಲು ಬಲಕ್ಕೆ ವಾಲಿಕೊಂಡು ಹೋಯಿತು, ತಿರುಗಬೇಕಾದಷ್ಟು ತಿರುಗಲಿಲ್ಲ, ಕೊನೆಗೆ ಸೋಫಾ ಕೆಳಗೆ ಸೇರಿಕೊಂಡಿತು. "ಕೋಡ್ ಸರಿ ಇದೆ ಮಾಮ, ಈ ರೋಬೋನೇ ಸರಿ ಇಲ್ಲ" ಅಂದ. ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ದಿನಾ ಕೇಳೋ ಮಾತೇ ಅದು, ಹಾಗಾಗಿ ನಗು ಬಂತು. ಕುರ್ಚಿ ಮೇಲೆ ಪೇಪರ್ ಓದುತ್ತಿದ್ದ ಅಪ್ಪ ಮಾತ್ರ ನಗಲಿಲ್ಲ. ಪೇಪರ್ ಕೆಳಗಿಟ್ಟು ರೋಬೋವನ್ನೇ ನೋಡುತ್ತಾ ಕೂತರು.

ಅಪ್ಪ ಯಾಕೆ ನಗಲಿಲ್ಲ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪೀಣ್ಯಕ್ಕಿಂತ ಹಿಂದಕ್ಕೆ.

ಆಮೆ ಮೊದಲು ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಮೆದುಳಿನ ಅಧ್ಯಯನ ಮಾಡುತ್ತಿದ್ದ ಗ್ರೇ ವಾಲ್ಟರ್ 1948-49ರಲ್ಲಿ ಎರಡು ಪುಟ್ಟ ಯಂತ್ರಗಳನ್ನು ಕಟ್ಟಿದ. ಎಲ್ಮರ್ ಮತ್ತು ಎಲ್ಸೀ ಅಂತ ಹೆಸರು. ಮೇಲೆ ಚಿಪ್ಪಿನಂಥ ಮುಚ್ಚಳ, ಒಳಗೆ ಕೇವಲ ಎರಡು ವ್ಯಾಕ್ಯೂಮ್ ಟ್ಯೂಬ್. ಬೆಳಕು ಕಂಡರೆ ಅದರ ಕಡೆ ಹೋಗೋದು, ಏನಾದರೂ ತಾಗಿದರೆ ಸುತ್ತಿ ಹೋಗೋದು. ಅವಕ್ಕೆ ಪ್ರೋಗ್ರಾಂ ಅಂತ ಏನೂ ಇರಲಿಲ್ಲ, ಸರ್ಕ್ಯೂಟೇ ಅವುಗಳ ಬುದ್ಧಿ. ಜನ ಅವನ್ನು ಆಮೆ ಅಂತ ಕರೆದರು, ಹೆಸರು ಹಾಗೇ ಅಂಟಿಕೊಂಡಿತು.

ಎರಡನೇ ಹುಟ್ಟು ಅಮೆರಿಕದ ಕೇಂಬ್ರಿಜ್ ಊರಲ್ಲಿ. 1967ರಲ್ಲಿ ವಾಲಿ ಫರ್ಜೀಗ್, ಸಿಂಥಿಯಾ ಸಾಲೊಮನ್ ಮತ್ತು ಸೀಮರ್ ಪ್ಯಾಪರ್ಟ್ ಸೇರಿ ಮಕ್ಕಳಿಗಾಗಿ ಲೋಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಶುರುವಿನಲ್ಲಿ ಅದರಲ್ಲಿ ಆಮೆ ಇರಲೇ ಇಲ್ಲ, ಪದಗಳು ಮತ್ತು ಪಟ್ಟಿಗಳ ಜೊತೆ ಆಟ ಅಷ್ಟೇ. 1970ರ ಸುಮಾರಿಗೆ ನೆಲದ ಮೇಲೆ ಓಡಾಡುವ ನಿಜವಾದ ಯಂತ್ರ ಬಂತು. ಹೊಟ್ಟೆಯಲ್ಲೊಂದು ಪೆನ್ನು, ಓಡಾಡಿದ ಕಡೆಯೆಲ್ಲ ಗೆರೆ. ಪರದೆಯ ಮೇಲಿನ ತ್ರಿಕೋನ ಆಮೇಲಿನದು. ಅಂದರೆ ನಾವು ಲ್ಯಾಬಿನಲ್ಲಿ ನೋಡಿದ್ದು ರೋಬೋವಿನ ನೆರಳು.

ಪ್ಯಾಪರ್ಟ್ ದಕ್ಷಿಣ ಆಫ್ರಿಕಾದವನು, ಗಣಿತಜ್ಞ. ಮಕ್ಕಳು ಹೇಗೆ ಕಲೀತಾರೆ ಅನ್ನೋದನ್ನು ಬದುಕಿಡೀ ಅಭ್ಯಾಸ ಮಾಡಿದ ಜೀನ್ ಪಿಯಾಜೆ ಜೊತೆ ಜಿನೀವಾದಲ್ಲಿ ಕೆಲಸ ಮಾಡಿದ್ದ. ಮಗುವಿಗೆ 'ಬಲಕ್ಕೆ 90' ಅಂದರೆ ಏನು ಅಂತ ಗೊತ್ತಾಗದಿದ್ದರೆ, ಅದೇ ಎದ್ದು ನಿಂತು ಆಮೆ ಥರ ನಡೆದು ನೋಡಲಿ ಅನ್ನೋದು ಅವನ ಉಪಾಯ. ಇನ್ನೊಂದು ಮಾತನ್ನೂ ಅವನು ಗಟ್ಟಿಯಾಗಿ ಹಿಡಿದಿದ್ದ. ಪ್ರೋಗ್ರಾಂ ಮೊದಲ ಸಲಕ್ಕೇ ಸರಿಯಾಗಿ ಬರಲ್ಲ, ಬರಬೇಕಾಗೂ ಇಲ್ಲ. 'ಸರಿಯೋ ತಪ್ಪೋ' ಅನ್ನೋದಕ್ಕಿಂತ 'ಎಲ್ಲಿ ತಪ್ಪಿತು, ಹೇಗೆ ಸರಿ ಮಾಡೋದು' ಅನ್ನೋದು ದೊಡ್ಡ ಪ್ರಶ್ನೆ. ನಾವು ಇವತ್ತು ಡೀಬಗ್ಗಿಂಗ್ ಅನ್ನೋದನ್ನು ಅವನು ಕಲಿಕೆಯ ಮಧ್ಯಕ್ಕೆ ತಂದು ಕೂರಿಸಿದ. 1980ರಲ್ಲಿ ಬಂದ ಅವನ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕ ಶುರುವಾಗೋದೇ ಚಿಕ್ಕಂದಿನಲ್ಲಿ ಅವನಿಗಿದ್ದ ಗೇರುಗಳ ಹುಚ್ಚಿನಿಂದ.

ಇಲ್ಲಿಯವರೆಗಿನ ಕತೆ ತುಂಬಾ ಕಡೆ ಸಿಗುತ್ತೆ. ನನಗೆ ಖುಷಿ ಕೊಟ್ಟಿದ್ದು ಇದರ ಪಕ್ಕದ ಇನ್ನೊಂದು ಕತೆ.

ಅದೇ ಕೇಂಬ್ರಿಜ್ ಊರಲ್ಲಿ, ಲೋಗೋಗಿಂತ ಹದಿನೈದು ವರ್ಷ ಮೊದಲು, 1952ರಲ್ಲಿ, ಎಂಐಟಿಯವರು ತೂತು ಹೊಡೆದ ಕಾಗದದ ಟೇಪಿನಿಂದ ನಡೆಯುವ ಮಿಲ್ಲಿಂಗ್ ಯಂತ್ರ ತೋರಿಸಿದ್ದರು. ಇವತ್ತಿನ ಸಿಎನ್‌ಸಿ ಯಂತ್ರದ ಅಜ್ಜ. ಟೇಪಿನ ತೂತುಗಳನ್ನು ಕೈಯಲ್ಲಿ ಲೆಕ್ಕ ಹಾಕೋದು ಕಷ್ಟ ಅಂತ ಡಗ್ಲಸ್ ರಾಸ್ ಮುಂದಾಳತ್ವದಲ್ಲಿ ಎಪಿಟಿ ಅನ್ನೋ ಭಾಷೆ ಮಾಡಿದರು. 1959ರಲ್ಲಿ ಅದನ್ನು ಪತ್ರಕರ್ತರಿಗೆ ತೋರಿಸಿದಾಗ, ಆ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಕೊರೆದ ಅಲ್ಯೂಮಿನಿಯಂ ಆಶ್‌ಟ್ರೇಗಳನ್ನು ಹಂಚಿದರಂತೆ. ಆ ಭಾಷೆಯ ಆಜ್ಞೆಗಳು ಹೀಗಿದ್ದವು: ಗೋ ಫಾರ್ವರ್ಡ್, ಗೋ ಬ್ಯಾಕ್, ಗೋ ಲೆಫ್ಟ್, ಗೋ ರೈಟ್. ಕೊರೆಯುವ ಉಳಿಯ ಮೇಲೆ ನೀವೇ ಕೂತು ಗಾಡಿ ಓಡಿಸುತ್ತಿದ್ದೀರಿ ಅಂದುಕೊಂಡು ಬರೀಬೇಕು.

ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ. ಲೋಹ ಕೊರೆಯೋನಿಗೂ ಅದೇ ನಾಲ್ಕು ಮಾತು, ಎಂಟು ವರ್ಷದ ಮಗುವಿಗೂ ಅದೇ ನಾಲ್ಕು ಮಾತು. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಚಲಿಸೋ ವಸ್ತುವಿಗೆ ಮಾತು ಕಲಿಸೋಕೆ ಹೊರಟವರು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸೇರಿದರು. ಆಮೇಲೆ ದಾರಿ ಮತ್ತೆ ಕವಲೊಡೆಯಿತು. ಒಂದು ಶಾಲೆ ಕಡೆ, ಇನ್ನೊಂದು ಕಾರ್ಖಾನೆ ಕಡೆ. ಎರಡೂ ಬೆಂಗಳೂರಿಗೆ ಬಂದವು.

ಕಾರ್ಖಾನೆ ದಾರಿ ಮೊದಲು ಬಂತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತು. ನಮಗೆಲ್ಲ ಎಚ್‌ಎಂಟಿ ಅಂದರೆ ವಾಚು. ಆದರೆ ವಾಚು ಬಂದಿದ್ದು 1961ರಲ್ಲಿ. ಹೆಸರೇ ಹೇಳುವ ಹಾಗೆ ಅದು ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಸ್ಥಾಪನೆಯಾದ ಸಂಸ್ಥೆ, ಈಗ ನಾವು ಸಿಎಂಟಿಐ ಅನ್ನೋದು, ಯಂತ್ರೋಪಕರಣಗಳ ಸಂಶೋಧನೆಗೇ ಅಂತ ಬಂತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಜಿಟಿಟಿಸಿ ಬಂತು. ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ 1959ರಲ್ಲಿ ಹುಟ್ಟಿದ ಎನ್‌ಟಿಟಿಎಫ್ ಆಮೇಲೆ ಪೀಣ್ಯಕ್ಕೆ ಬಂದು ನೆಲೆಸಿತು. ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯೋಕೆ ಶುರುವಾದಾಗ ಸುತ್ತ ಕೈ ಪಳಗಿದ ಜನ ಇದ್ದರು. ದೊಡ್ಡ ಕಾರ್ಖಾನೆಗಳಲ್ಲಿ ಕಲಿತವರು ಹೊರಗೆ ಬಂದು ಒಂದೊಂದು ಶೆಡ್ ಹಾಕಿದರು. 1979ರಲ್ಲಿ ಶುರುವಾದ ಏಸ್ ಡಿಸೈನರ್ಸ್ ಥರದ ಕಂಪನಿಗಳು ಇಲ್ಲೇ ಸಿಎನ್‌ಸಿ ಲೇತ್ ಮಾಡಿ ಮಾರಿದವು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಹೊಲಗಳಲ್ಲಿ, ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಟ್ಟುತ್ತಿದ್ದರು. ಕಿಯೋನಿಕ್ಸ್ 1976ರದ್ದು, ಎಲೆಕ್ಟ್ರಾನಿಕ್ ಸಿಟಿ ಶುರುವಾಗಿದ್ದು 1978ರಲ್ಲಿ. ಅಪ್ಪ ಈ ತುದಿಯವರು, ನಾನು ಆ ತುದಿಯವನು. ಮಧ್ಯೆ ಇರೋದು ಬರೀ ಸಿಲ್ಕ್ ಬೋರ್ಡ್ ಟ್ರಾಫಿಕ್ ಅಂತ ತುಂಬಾ ದಿನ ಅಂದುಕೊಂಡಿದ್ದೆ.

ಅಪ್ಪ ತುಮಕೂರು ಕಡೆಯವರು. ಐಟಿಐ ಫಿಟ್ಟರ್ ಮಾಡಿಕೊಂಡು ಪೀಣ್ಯದ ಒಂದು ಶೆಡ್ಡಿಗೆ ಸೇರಿದರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕೂತವರು. ಅಂಥವರು ತೊಂಬತ್ತರ ದಶಕದಲ್ಲಿ ಪ್ರೋಗ್ರಾಮಿಂಗ್ ಕಲಿತರು. ನನಗಿಂತ ಮೊದಲು ನಮ್ಮ ಮನೆಯಲ್ಲಿ ಪ್ರೋಗ್ರಾಮರ್ ಒಬ್ಬರು ಇದ್ದರು ಅನ್ನೋದು ನನಗೆ ಹೊಳೆದಿದ್ದೇ ಇತ್ತೀಚೆಗೆ.

ಅದು ಸಾಧ್ಯ ಆಗಿದ್ದಕ್ಕೆ ಕಾರಣ ಜಿ-ಕೋಡ್. ಶಾಪ್ ಫ್ಲೋರಿನಲ್ಲಿ ಎಪಿಟಿಯ ಇಂಗ್ಲಿಷ್ ಪದಗಳು ಇರಲಿಲ್ಲ, ಯಂತ್ರದ ಪ್ಯಾನೆಲ್ಲಿನಲ್ಲಿ ಇದ್ದಿದ್ದು ಅಕ್ಷರ ಮತ್ತು ಅಂಕಿ ಮಾತ್ರ. ಜಿ00 ಅಂದರೆ ಬೇಗ ಹೋಗು, ಜಿ01 ಅಂದರೆ ಕೊರೆಯುತ್ತಾ ನೆಟ್ಟಗೆ ಹೋಗು, ಜಿ02 ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತು. ಎಂ30 ಅಂದರೆ ಮುಗೀತು. ಜಪಾನಿನವನಿಗೂ ಅದೇ, ತುಮಕೂರಿನವನಿಗೂ ಅದೇ. ಇಂಗ್ಲಿಷ್ ಬರದ ಎಷ್ಟೋ ಜನ ಈ ಕಿಂಡಿಯಿಂದ ಒಳಗೆ ಬಂದರು. ಕಾಗದದ ಮೇಲೆ ಡ್ರಾಯಿಂಗ್, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಪ್ರೋಗ್ರಾಂ, ಒಂದೊಂದೇ ಸಾಲು ಒತ್ತೋದು.

ಆದರೆ ಅಲ್ಲಿ ಒಂದು ಚುಕ್ಕೆ ಇತ್ತು. ಆಗಿನ ಬಹಳಷ್ಟು ಕಂಟ್ರೋಲರ್‌ಗಳಲ್ಲಿ ಅಂಕಿಯ ಪಕ್ಕ ದಶಮಾಂಶ ಬಿಂದು ಹಾಕದಿದ್ದರೆ ಯಂತ್ರ ಅದನ್ನು ಮೈಕ್ರಾನ್ ಅಂತ ತಿಳಿಯುತ್ತಿತ್ತು. '100.' ಅಂತ ಚುಕ್ಕೆ ಇಟ್ಟು ಒತ್ತಿದರೆ ನೂರು ಮಿಲಿಮೀಟರ್. ಚುಕ್ಕೆ ಇಲ್ಲದೆ 100 ಅಂತ ಒತ್ತಿದರೆ ನೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ನೈಟ್ ಶಿಫ್ಟಿನಲ್ಲಿ ಅಪ್ಪ ಆ ಚುಕ್ಕೆ ಮರೆತರು. ಕೊರೆದಾದ ಮೇಲೆ ಟೂಲು ನೂರು ಮಿಲಿಮೀಟರ್ ದೂರ ಸರಿದು ನಿಲ್ಲಬೇಕಿತ್ತು. ಜಾಬಿನ ಪಕ್ಕದಲ್ಲೇ ನಿಂತಿತು. ಮುಂದಿನ ಸಾಲಿನಲ್ಲಿ ಟೂಲ್ ಬದಲಿಸೋಕೆ ಟರೆಟ್ ತಿರುಗಿತು, ತಿರುಗುತ್ತಾ ಇದ್ದ ಜಾಬಿಗೆ ಹೊಡೆಯಿತು. ಶಬ್ದ ಪಕ್ಕದ ಶೆಡ್ಡಿಗೂ ಕೇಳಿಸಿತಂತೆ. ಯಾರಿಗೂ ಏಟಾಗಲಿಲ್ಲ. ಆದರೆ ಟೂಲ್ ಹೋಲ್ಡರ್ ಹೋಯಿತು, ಚಕ್ಕಿನ ದವಡೆ ಹೋಯಿತು, ಎರಡು ದಿನ ಮೆಷಿನ್ ನಿಂತಿತು.

ಸಂಬಳದಲ್ಲಿ ಹಿಡಿದರು. ಅದು ಹೋಗಲಿ. ಮಾಲೀಕರು ಅಪ್ಪನನ್ನು ಸಿಎನ್‌ಸಿಯಿಂದ ತೆಗೆದು ಹಳೇ ಲೇತಿಗೆ ಹಾಕಿದರು. ಆಮೇಲೆ ಇನ್ನೊಂದು ಶೆಡ್ಡಿಗೆ ಹೋದಾಗಲೂ ಅಪ್ಪ ಪ್ರೋಗ್ರಾಂ ಬರುತ್ತೆ ಅಂತ ಹೇಳಿಕೊಳ್ಳಲಿಲ್ಲ. "ನಂಗೆ ಅದೆಲ್ಲ ಬರಲ್ಲ ಸಾರ್" ಅಂತಲೇ ರಿಟೈರ್ ಆದರು. ಆಗ ನನಗೆ ಆರು ವರ್ಷ. ಮನೆಯಲ್ಲಿ ಇದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ತಪ್ಪಿಗೆ ಬೆಲೆ ಇರೋದು ನಿಜ. ಉಕ್ಕಿನ ಮುಂದೆ 'ಪರವಾಗಿಲ್ಲ, ಇನ್ನೊಂದು ಸಲ' ಅನ್ನೋಕಾಗಲ್ಲ. ಹಾಗಾಗಿಯೇ ತಪ್ಪು ಮಾಡಿ ಕಲಿಯೋಕೆ ಬೇರೆ ಜಾಗ ಬೇಕು. ಪ್ಯಾಪರ್ಟ್ ಕಟ್ಟಹೊರಟಿದ್ದು ಅದೇ ಜಾಗ. ಎರಡನೇ ದಾರಿಯಲ್ಲಿ, ಶಾಲೆ ದಾರಿಯಲ್ಲಿ, ಆ ಜಾಗ ನಮಗೆ ಸಿಕ್ಕಿತಾ?

1984-85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಯೋಜನೆ ಶುರು ಮಾಡಿತು. ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದವು. ಆಮೇಲೆ ಖಾಸಗಿ ಶಾಲೆಗಳ ಲ್ಯಾಬುಗಳು ಬಂದವು, ಪಠ್ಯಪುಸ್ತಕದಲ್ಲಿ ಲೋಗೋ ಬಂತು. ಆಮೆ ಬಂತು, ಆದರೆ ಪ್ಯಾಪರ್ಟ್ ಬರಲಿಲ್ಲ. ಬೋರ್ಡ್ ಮೇಲಿದ್ದಿದ್ದನ್ನೇ ಟೈಪ್ ಮಾಡಬೇಕು. ನಾನು ಒಮ್ಮೆ 90ರ ಬದಲು 89 ಹಾಕಿ, ನಾಲ್ಕರ ಬದಲು ನೂರು ಸಲ ಓಡಿಸಿ, ಪರದೆ ತುಂಬಾ ಹೂವಿನಂಥ ಚಿತ್ರ ಬಂದಾಗ ಬೈಸಿಕೊಂಡು ಹೊರಗೆ ನಿಂತಿದ್ದೆ. ಶೂ ಪಕ್ಕದಲ್ಲಿ.

ಇನ್ನೊಂದು ತೊಡಕು ಭಾಷೆ. ಎಫ್‌ಡಿ, ಆರ್‌ಟಿ ಅನ್ನೋದು ಜಿ-ಕೋಡಿನ ಥರ ಎಲ್ಲರಿಗೂ ಸಮಾನವಾಗಿ ಅಪರಿಚಿತ ಅಲ್ಲ. ಫಾರ್ವರ್ಡ್ ಅಂದರೇನು ಅಂತ ಗೊತ್ತಿದ್ದ ಮಗುವಿಗೆ ಅದು ಮಾತು, ಗೊತ್ತಿಲ್ಲದ ಮಗುವಿಗೆ ಬಾಯಿಪಾಠ. ಇದನ್ನು ಸರಿಯಾಗಿ ಹಿಡಿದವರು ಡಾ. ಯು.ಬಿ. ಪವನಜ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, 1996ರಲ್ಲೇ 'ವಿಶ್ವಕನ್ನಡ' ಅಂತರಜಾಲ ಪತ್ರಿಕೆ ತಂದವರು. ಅವರು ಕನ್ನಡದಲ್ಲೇ ಆಜ್ಞೆ ಕೊಡಬಹುದಾದ ಲೋಗೋ ತಯಾರಿಸಿದರು. ಅದಕ್ಕೆ 2006ರ ಮಂಥನ್ ಪ್ರಶಸ್ತಿಯೂ ಬಂತು. ಪ್ಯಾಪರ್ಟ್ ಹೇಳಿದ ಹಾಗೆ ಮಗು ಎದ್ದು ನಿಂತು ಆಮೆಯಾಗಬೇಕು ಅಂದರೆ, ಅದು ಮನೆಯಲ್ಲಿ ಅಮ್ಮನಿಂದ ಕಲಿತ 'ಮುಂದೆ', 'ಬಲಕ್ಕೆ' ಅನ್ನೋ ಮಾತಿನಲ್ಲೇ ಆಗಬೇಕಲ್ವಾ? ನಮ್ಮ ಲ್ಯಾಬಿನವರೆಗೆ ಕನ್ನಡದ ಆಮೆ ಬರಲಿಲ್ಲ. ಬಂದಿದ್ದರೆ ಹಿಂದಿನ ಬೆಂಚಿನ ಎಷ್ಟು ಜನ ಮುಂದಕ್ಕೆ ಬರುತ್ತಿದ್ದರು ಅಂತ ಈಗಲೂ ಯೋಚನೆ ಬರುತ್ತೆ.

ಅಷ್ಟರಲ್ಲಿ ಹೊರಗೆ ಆಮೆ ಪರದೆಯಿಂದ ಮತ್ತೆ ನೆಲಕ್ಕೆ ಇಳಿದಿತ್ತು. ಎಂಐಟಿಯಲ್ಲಿ ಪ್ಯಾಪರ್ಟ್, ಮಿಚೆಲ್ ರೆಸ್ನಿಕ್ ಮುಂತಾದವರ ಕೆಲಸದಿಂದ ಹುಟ್ಟಿದ ರೋಬೋ ಸೆಟ್ಟನ್ನು ಲೆಗೋ ಕಂಪನಿ 1998ರಲ್ಲಿ ಮಾರುಕಟ್ಟೆಗೆ ತಂದಾಗ ಆ ಪುಸ್ತಕದ ಹೆಸರನ್ನೇ ಇಟ್ಟಿತು, ಮೈಂಡ್‌ಸ್ಟಾರ್ಮ್ಸ್. ವೈಟ್‌ಫೀಲ್ಡ್ ಅಪಾರ್ಟ್‌ಮೆಂಟುಗಳಲ್ಲಿ ಫಾರಿನ್‌ನಿಂದ ಬಂದ ಮಾಮನ ಗಿಫ್ಟ್ ಅದು. 2022ರ ಕೊನೆಗೆ ಕಂಪನಿ ಅದನ್ನು ನಿಲ್ಲಿಸಿತು. ನಮ್ಮಂಥವರ ಮನೆಗೆ ರೋಬೋ ಬಂದಿದ್ದು ಇನ್ನೊಂದು ಬಾಗಿಲಿಂದ. 2005ರಲ್ಲಿ ಇಟಲಿಯ ಇವ್ರಿಯಾ ಊರಲ್ಲಿ ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಗೆ ಸಿಗಲಿ ಅಂತ ಆರ್ಡುಯಿನೋ ಬೋರ್ಡ್ ಮಾಡಿದರು, ಅಲ್ಲಿಯ ಒಂದು ಬಾರಿನ ಹೆಸರಿಟ್ಟರು. ವಿನ್ಯಾಸ ಮುಕ್ತವಾಗಿದ್ದರಿಂದ ಯಾರು ಬೇಕಾದರೂ ಮಾಡಬಹುದಿತ್ತು. ಎಸ್‌ಪಿ ರೋಡಿನಲ್ಲಿ ರಾಶಿ ರಾಶಿ ಬಂತು. 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಶುರುವಾದವು. ಆರರಿಂದ ಹನ್ನೆರಡನೇ ತರಗತಿ ಮಕ್ಕಳಿಗೆ, ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು. ಇಂಥ ಲ್ಯಾಬು ದೇಶದಲ್ಲಿ ಈಗ ಹತ್ತು ಸಾವಿರಕ್ಕೂ ಹೆಚ್ಚಿವೆ.

ಲ್ಯಾಬು, ಬೋರ್ಡು ಎಲ್ಲ ಬಂತು. ಅಕ್ಕನ ಮಗನ ಸ್ಕೂಲಲ್ಲೂ ರೋಬೋ ಕ್ಲಾಸ್ ಇದೆ. ಅಲ್ಲಿ ಏನು ಮಾಡ್ತಾರೆ ಅಂತ ಕೇಳಿದೆ. "ಸಾರ್ ಕೋಡ್ ಕೊಡ್ತಾರೆ, ನಾವು ಪೇಸ್ಟ್ ಮಾಡ್ತೀವಿ" ಅಂದ. ಬೋರ್ಡ್ ಮೇಲಿದ್ದಿದ್ದು ಪೆನ್‌ಡ್ರೈವಿಗೆ ಬಂದಿದೆ ಅಷ್ಟೇ. ಕೊಟ್ಟ ಕೋಡ್ ಓಡದಿದ್ದರೆ ರೋಬೋನೇ ಸರಿ ಇಲ್ಲ ಅಂತ ಅವನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಆ ದಿನ ಅಪ್ಪ ರೋಬೋವನ್ನು ಸೋಫಾ ಕೆಳಗಿಂದ ತೆಗೆದು ಚಕ್ರ ಅಲ್ಲಾಡಿಸಿ ನೋಡಿದರು. "ಎರಡು ಮೋಟರೂ ಒಂದೇ ಸ್ಪೀಡಿಗೆ ತಿರುಗುತ್ತೆ ಅಂತ ಯಾರು ಹೇಳಿದ್ರು ನಿಂಗೆ? ಒಂದೇ ಡಬ್ಬದಿಂದ ಬಂದಿದ್ರೂ ಎರಡೂ ಒಂದೇ ಥರ ಇರಲ್ಲ ಮಗ. ಗೇರಲ್ಲಿ ಪ್ಲೇ ಇದೆ ನೋಡು." ಪೀಣ್ಯದಲ್ಲಿ ಮೂವತ್ತು ವರ್ಷ ಬ್ಯಾಕ್‌ಲ್ಯಾಶ್ ಜೊತೆ ಬದುಕಿದವರು ಅವರು. ಸೀಮೆಸುಣ್ಣದಲ್ಲಿ ಟೈಲ್ಸ್ ಮೇಲೆ ಗೆರೆ ಎಳೆದರು. "ಹತ್ತು ಸಲ ಓಡ್ಸು. ಪ್ರತಿ ಸಲ ಎಷ್ಟು ಪಕ್ಕಕ್ಕೆ ಹೋಯ್ತು ಬರ್ಕೊ." ಹಳೇ ಕ್ಯಾಲೆಂಡರಿನ ಹಿಂಬದಿ ಹತ್ತು ಅಂಕಿ ಬಂದವು. ಎಡಗಡೆ ಮೋಟರ್ ವೇಗ ಜಾಸ್ತಿ. 200 ಇದ್ದಿದ್ದನ್ನು 185ಕ್ಕೆ ಇಳಿಸಿದ ಮೇಲೆ ರೋಬೋ ಸುಮಾರಾಗಿ ನೆಟ್ಟಗಾಯಿತು.

ತಿರುವು ಮಾತ್ರ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ. ಬ್ಯಾಟರಿ ಇಳಿದ ಹಾಗೆ ಅಷ್ಟೇ ಹೊತ್ತಿನಲ್ಲಿ ಕಡಿಮೆ ತಿರುಗುತ್ತಿತ್ತು. "ಟೈಮ್ ನೋಡಿ ತಿರುಗಿಸಬಾರದು, ಎಷ್ಟು ತಿರುಗಿತು ಅಂತ ಎಣಿಸ್ಬೇಕು" ಅಂದರು ಅಪ್ಪ. ಸಿಎನ್‌ಸಿಗೂ ನಮ್ಮ ಆಟಿಕೆಗೂ ಇರೋ ದೊಡ್ಡ ವ್ಯತ್ಯಾಸ ಅದೇ. ಅಲ್ಲಿ ಎನ್‌ಕೋಡರ್ ಇರುತ್ತೆ, ತಾನು ಎಲ್ಲಿದ್ದೀನಿ ಅಂತ ಯಂತ್ರ ನೋಡಿಕೊಳ್ಳುತ್ತಾ ಇರುತ್ತೆ. ನಮ್ಮ ಡಬ್ಬದಲ್ಲೂ ಇಪ್ಪತ್ತು ಸೀಳಿನ ಎರಡು ಪ್ಲಾಸ್ಟಿಕ್ ಬಿಲ್ಲೆ ಇದ್ದವು, ಯಾಕೆ ಅಂತ ಗೊತ್ತಿಲ್ಲದೆ ಪಕ್ಕಕ್ಕಿಟ್ಟಿದ್ದೆವು. ಅಪ್ಪ ತಮ್ಮ ವರ್ನಿಯರ್ ತಂದು ಚಕ್ರ ಅಳೆದರು. 65 ಮಿಲಿಮೀಟರ್. ಸುತ್ತಳತೆ 204. ಇಪ್ಪತ್ತರಿಂದ ಭಾಗಿಸಿದರೆ ಒಂದು ಸೀಳಿಗೆ ಹತ್ತು ಮಿಲಿಮೀಟರ್ ಚಿಲ್ಲರೆ. ಮಾರನೇ ದಿನ ಎಸ್‌ಪಿ ರೋಡಿಗೆ ಹೋಗಿ ಎರಡು ಸೆನ್ಸರ್ ತಂದೆ. ಸೀಳು ಎಣಿಸೋ ಕೋಡನ್ನು ಹುಡುಗನೇ ಬರೆದ. ಮೂರು ಸಲ ತಪ್ಪು ಬರೆದ, ನಾಲ್ಕನೇ ಸಲ ಸರಿಹೋಯಿತು.

ಕೊನೆಗೆ ಎಷ್ಟು ದೂರ ಹೋಗಬೇಕು ಅಂತ ಅಂಕಿ ತುಂಬಬೇಕಿತ್ತು. "ತಾತ, ನೀವು ಹಾಕಿ" ಅಂತ ಲ್ಯಾಪ್‌ಟಾಪ್ ತಿರುಗಿಸಿದ. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. "ಬೇಡ ಕಣೋ, ನೀನೇ ಹಾಕು."

"ತಪ್ಪಾದ್ರೆ ಏನಾಗಲ್ಲ ತಾತ. ಗೋಡೆಗೆ ಗುದ್ದುತ್ತೆ ಅಷ್ಟೇ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೇ ಬೆರಳಲ್ಲಿ 500 ಅಂತ ಒತ್ತಿದರು. ಆಮೇಲೆ ಅದರ ಪಕ್ಕ ಒಂದು ಚುಕ್ಕೆ ಇಟ್ಟರು.

"ಚುಕ್ಕೆ ಯಾಕೆ ತಾತ? ಇಲ್ಲಿ ಬೇಕಾಗಿಲ್ಲ."

"ಇರಲಿ ಬಿಡು" ಅಂದರು ಅಪ್ಪ. ಕಂಪೈಲರ್ ಏನೂ ತಕರಾರು ಮಾಡಲಿಲ್ಲ. ರೋಬೋ ಅರ್ಧ ಮೀಟರ್ ಹೋಗಿ ತಿರುಗಿತು, ಮತ್ತೆ ಹೋಗಿ ತಿರುಗಿತು. ಶುರು ಮಾಡಿದ ಜಾಗಕ್ಕೆ ಎರಡು ಬೆರಳಷ್ಟು ಆಚೆ ಬಂದು ನಿಂತಿತು. ಹುಡುಗ ಕುಣಿದಾಡಿದ. ಅಪ್ಪ ಬಗ್ಗಿ, ಆ ಎರಡು ಬೆರಳಿನ ಅಂತರವನ್ನು ಅಳೆದು ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು.

ಆ ಚುಕ್ಕೆ ಈಗಲೂ ಕೋಡಿನಲ್ಲಿ ಹಾಗೇ ಇದೆ. ತೆಗೀಬೇಡ ಅಂತ ಹುಡುಗನಿಗೆ ಹೇಳಿದ್ದೀನಿ. ಯಾಕೆ ಅಂತ ಇನ್ನೂ ಹೇಳಿಲ್ಲ. ಅಪ್ಪನೇ ಹೇಳಲಿ ಅಂತ ಕಾಯ್ತಾ ಇದ್ದೀನಿ.